ಗುಜರಿಯಿಂದ ಎದ್ದ ವಿಮಾನಗಳು, ಬಣ್ಣದಡಿ ಮರೆಯಾದ ಕೈಗಳು

ಹಳೆಯ ಯುದ್ಧವಿಮಾನಗಳನ್ನು ಇಟ್ಟಿರುವ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಮಕ್ಕಳ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಇದು ಎಷ್ಟು ಜೋರಾಗಿ ಹಾರುತ್ತಿತ್ತು? ಎಷ್ಟು ಬಾಂಬು ಹೊರುತ್ತಿತ್ತು? ಈಗಲೂ ಹಾರುತ್ತದಾ? ಮೊದಲ ಎರಡಕ್ಕೆ ಪಕ್ಕದಲ್ಲಿ ನೆಟ್ಟ ಫಲಕದಲ್ಲಿ ಉತ್ತರವಿರುತ್ತದೆ. ಮೂರನೆಯದಕ್ಕೆ ಅಲ್ಲಿನ ಕಾವಲುಗಾರ ನಕ್ಕು ತಲೆಯಾಡಿಸುತ್ತಾನೆ. ದೊಡ್ಡವರೂ ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಈ ವಿಮಾನವನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದ ಕೈಗಳು ಯಾರವು? ಇದು ಆಕಾಶದಲ್ಲಿದ್ದಾಗ ಕೆಳಗೆ ನೆಲದ ಮೇಲೆ ಇದ್ದವರು ಯಾರು? ಈ ಎರಡು ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಅವುಗಳಿಗೆ ಉತ್ತರ ಬರೆದಿಡುವ ಮ್ಯೂಸಿಯಂಗಳು ಇನ್ನೂ ಕಡಿಮೆ.

ಹಳೆಯ ಯುದ್ಧವಿಮಾನಗಳನ್ನು ಜೀರ್ಣೋದ್ಧಾರ ಮಾಡಿ ಕಾಪಾಡುವುದು ಇಂದು ಜಗತ್ತಿನಾದ್ಯಂತ ದೊಡ್ಡ ಕೆಲಸ. ಅದಕ್ಕೆ ಕೋಟಿಗಟ್ಟಲೆ ಹಣ ಸುರಿಯುವವರಿದ್ದಾರೆ, ಬಿಡುವಿನ ದಿನಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸಾವಿರಾರು ಸ್ವಯಂಸೇವಕರಿದ್ದಾರೆ. ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಗೌರವವಿದ್ದ ಕಡೆಯಲ್ಲೂ ವಿಮರ್ಶೆ ಇರಬೇಕಾಗುತ್ತದೆ. ಒಂದು ವಸ್ತುವನ್ನು ಹೊಸದಾಗಿಸುವಾಗ ನಾವು ಏನನ್ನು ಉಳಿಸುತ್ತೇವೆ, ಏನನ್ನು ಒರೆಸಿ ಹಾಕುತ್ತೇವೆ ಎಂಬುದು ಮೆಕ್ಯಾನಿಕ್ ಒಬ್ಬನೇ ತೀರ್ಮಾನಿಸುವ ಸಂಗತಿಯಲ್ಲ. ಅದು ಚರಿತ್ರೆಯ ಪ್ರಶ್ನೆ, ನ್ಯಾಯದ ಪ್ರಶ್ನೆಯೂ ಹೌದು.

ಈ ಮಾತನ್ನು ಬೆಂಗಳೂರಿನಿಂದಲೇ ಆರಂಭಿಸಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು 18 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ಯುದ್ಧ ಮುಗಿದ ಮೇಲೆ ಬಹುಪಾಲು ವಿಮಾನಗಳು ಕರಗಿಸುವ ಕುಲುಮೆಗೆ ಹೋದವು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಹೀಗೆ ಉಳಿದವುಗಳಲ್ಲಿ ಹಲವು ಬದುಕಿರುವುದಕ್ಕೆ ಕಾರಣ ಬೆಂಗಳೂರಿನ ವಿಮಾನ ಕಾರ್ಖಾನೆ. ಲಂಡನ್ನಿನಲ್ಲೋ ಅಮೆರಿಕದಲ್ಲೋ ಆ ವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಕನ್ನಡಿಗರಿಗೂ ಈ ಸಂಗತಿ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಕನಸಿಗೆ ನೆಲ ಕೊಟ್ಟದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ 700 ಎಕರೆ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. ಯುದ್ಧ ಬಿಸಿಯೇರಿದಂತೆ ಕಾರ್ಖಾನೆ ಸರಕಾರದ ಕೈಗೆ ಹೋಯಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಬಂದು, ಪೂರ್ವದ ರಣರಂಗದ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಡಿಪೋ ಆಯಿತು. ಬೆಂಗಳೂರಿನ ಸುತ್ತಮುತ್ತಲ ಹಳ್ಳಿ, ಪೇಟೆಗಳಿಂದ ಕೆಲಸಕ್ಕೆ ಸೇರಿದ ಹುಡುಗರು ದೊಡ್ಡ ದೊಡ್ಡ ವಿಮಾನಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಅಲ್ಲಿ.

ಈ ಕಲಿಕೆ ಕೆಲಸಕ್ಕೆ ಬಂದದ್ದು 1948ರಲ್ಲಿ. ಯುದ್ಧಕಾಲದಲ್ಲಿ ಅಮೆರಿಕ ಬ್ರಿಟನ್ನಿಗೆ ಕೊಟ್ಟಿದ್ದ ಲಿಬರೇಟರುಗಳು ಕಾನ್ಪುರದ ಚಕೇರಿ ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದವು. ಒಪ್ಪಂದದ ಪ್ರಕಾರ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಮತ್ತೆ ಬಳಕೆಗೆ ಬಾರದಂತೆ ಕೆಡಿಸಬೇಕು. ಕೆಡಿಸಲಾಯಿತು. ಎಂಜಿನ್ನಿಗೆ ಮರಳು ಸುರಿದರು, ಟ್ಯಾಂಕುಗಳಿಗೆ ತೂತು ಕೊರೆದರು, ಒಡಲನ್ನು ಜಜ್ಜಿದರು. ಸ್ವತಂತ್ರ ಭಾರತಕ್ಕೆ ಆಗ ಭಾರಿ ಬಾಂಬರುಗಳು ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನಿಂದ ಹೋದ ತಂಡ ಆ ಗುಜರಿಯ ರಾಶಿಯಲ್ಲಿ ಒಂದರ ರೆಕ್ಕೆ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಹುಡುಕಿ ಒಮ್ಮೆ ಹಾರಲು ಸಾಕಾಗುವಷ್ಟು ಜೋಡಿಸಿತು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಲಾಯಿತು. ಹೀಗೆ ಬದುಕಿದವು 42 ವಿಮಾನಗಳು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ದಳ ಇವುಗಳನ್ನೇ ಇಟ್ಟುಕೊಂಡು ಆರಂಭವಾಯಿತು. ಆಮೇಲೆ 6ನೇ ದಳ ಇವುಗಳಲ್ಲಿ ಸಮುದ್ರದ ಕಾವಲು ಕಾಯಿತು. 1968ರವರೆಗೆ, ಅಂದರೆ ಜಗತ್ತಿನ ದೊಡ್ಡ ವಾಯುಪಡೆಗಳು ಲಿಬರೇಟರನ್ನು ಮರೆತು ಎಷ್ಟೋ ವರ್ಷವಾದ ಮೇಲೂ, ಭಾರತದಲ್ಲಿ ಅವು ಹಾರುತ್ತಿದ್ದವು.

ಈ ಕಥೆ ಹೇಳುವವರೆಲ್ಲ ಮುನ್ಷಿಯವರ ಹೆಸರು ಹೇಳುತ್ತಾರೆ. ಹೇಳಲೇಬೇಕು. ಅಂಥ ವಿಮಾನದಲ್ಲಿ ಕೂತು ಹಾರಲು ಗುಂಡಿಗೆ ಬೇಕು. ಆದರೆ ಆ ರಿವೆಟ್ ಹೊಡೆದ ಫಿಟ್ಟರ್, ತಗಡು ತಟ್ಟಿ ನೇರ ಮಾಡಿದ ಕೆಲಸಗಾರ, ಮರಳು ತುಂಬಿದ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದ ಹುಡುಗ, ವೈರಿಂಗ್ ಎಳೆದವನು, ಬಣ್ಣ ಬಳಿದವನು, ಇವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿದವರನ್ನು ನಾನು ಕಂಡಿಲ್ಲ. ಪೈಲಟ್ ನಂಬಿ ಕೂತದ್ದು ಅವರ ಕೈಕೆಲಸವನ್ನು. ಆ ನಂಬಿಕೆ ಸುಳ್ಳಾಗಲಿಲ್ಲ ಎಂಬುದೇ ಅವರಿಗಿರುವ ಏಕೈಕ ಪ್ರಶಸ್ತಿಪತ್ರ.

ಮುಂದಿನದನ್ನು ಗಮನಿಸಿ. 1968ರ ಹೊತ್ತಿಗೆ ಹಾರುವ ಸ್ಥಿತಿಯಲ್ಲಿದ್ದ ಲಿಬರೇಟರುಗಳು ಭಾರತದಲ್ಲಿ ಮಾತ್ರ ಎನ್ನುವಷ್ಟು ವಿರಳವಾಗಿದ್ದವು. ಮ್ಯೂಸಿಯಂಗಳು ಕೈಚಾಚಿದವು. ಕೆನಡಾ ಒಂದು ಲೈಸಾಂಡರ್ ವಿಮಾನ ಕೊಟ್ಟು ಬದಲಿಗೆ ಒಂದು ಲಿಬರೇಟರ್ ಪಡೆಯಿತು. 1969ರಲ್ಲಿ ಒಂದು ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಮ್ಮಿಗೆ ಹೋಯಿತು. 1974ರಲ್ಲಿ ಮತ್ತೊಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೆ ಉಡುಗೊರೆಯಾಗಿ ಹಾರಿಹೋಯಿತು. ಇನ್ನೊಂದು ಹಲವು ಕೈ ದಾಟಿ 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಸೇರಿ, ವರ್ಷಗಟ್ಟಲೆ ರಿಪೇರಿಯಾಗಿ 1989ರಲ್ಲಿ ಮತ್ತೆ ಆಕಾಶಕ್ಕೇರಿತು.

ಹೊಸ ಮನೆ ಸೇರಿದ ಮೇಲೆ ಇವುಗಳ ಮೈಬಣ್ಣ ಬದಲಾಯಿತು. ಪೀಮಾದ ವಿಮಾನಕ್ಕೆ ‘ಬಂಗೇ ಬಕರೂ’ ಎಂಬ ಹೆಸರು ಬರೆದರು. ಅದು ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಾರುತ್ತಿದ್ದ ಅಮೆರಿಕದ ದಳವೊಂದರ ಬೇರೊಂದು ವಿಮಾನದ ಹೆಸರು. ಕಾಲಿಂಗ್ಸ್ ವಿಮಾನ ಮೊದಲು ‘ಆಲ್ ಅಮೆರಿಕನ್’ ಆಯಿತು, ಆಮೇಲೆ ‘ಡ್ರಾಗನ್ ಆಂಡ್ ಹಿಸ್ ಟೇಲ್’, 2005ರಿಂದ ‘ವಿಚ್‌ಕ್ರಾಫ್ಟ್’. ಮೂರೂ ಬೇರೆ ವಿಮಾನಗಳ ವೇಷ. ಬ್ರಿಟನ್ನಿನ ವಿಮಾನಕ್ಕೆ ಮಾತ್ರ ಅದರ ಸ್ವಂತ ಗುರುತನ್ನೇ ಕೊಟ್ಟರು. 1945ರಲ್ಲಿ ಕೋಕೋಸ್ ದ್ವೀಪಗಳಲ್ಲಿದ್ದ ರಾಯಲ್ ಏರ್‌ಫೋರ್ಸಿನ 99ನೇ ದಳದ ಬಣ್ಣ, ಕೆಎನ್ 751 ಎಂಬ ಅದೇ ಹಳೆಯ ಸಂಖ್ಯೆ. ಇದು ಸುಳ್ಳಲ್ಲ. ಆದರೆ ಆ ದಳದಲ್ಲಿ ಆ ವಿಮಾನ ಕಳೆದದ್ದು ಕೆಲವೇ ತಿಂಗಳು. ಭಾರತದಲ್ಲಿ ಎಚ್‌ಇ 807 ಎಂಬ ಸಂಖ್ಯೆ ಹೊತ್ತು ದುಡಿದದ್ದು ಸುಮಾರು ಇಪ್ಪತ್ತು ವರ್ಷ. ತಿಂಗಳುಗಳ ಬಣ್ಣ ಹೊರಗೆ ಉಳಿಯಿತು, ವರ್ಷಗಳ ಬಣ್ಣ ಒಳಗೆ ಹೋಯಿತು. ಭಾರತದ ಗುರುತಿನಲ್ಲೇ ನಿಂತಿರುವ ಲಿಬರೇಟರ್ ನೋಡಬೇಕಾದರೆ ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಮ್ಮಿಗೇ ಹೋಗಬೇಕು.

ಇಲ್ಲಿ ಯಾರೋ ಕಪಟ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆ ಮ್ಯೂಸಿಯಂಗಳ ದಾಖಲೆಗಳಲ್ಲಿ ಕಾನ್ಪುರದ ಉಲ್ಲೇಖವೂ ಇದೆ, ಭಾರತದ ಸೇವೆಯ ಉಲ್ಲೇಖವೂ ಇದೆ. ಬಣ್ಣ ಬದಲಿಸಿದವರ ಮನಸ್ಸಿನಲ್ಲಿದ್ದದ್ದು ಜರ್ಮನಿಯ ಆಕಾಶದಲ್ಲಿ, ಪೆಸಿಫಿಕ್ ಸಾಗರದಲ್ಲಿ ಸತ್ತ ತಮ್ಮೂರಿನ ಇಪ್ಪತ್ತರ ಹರೆಯದ ಹುಡುಗರು. ಅವರು ಹಾರಿಸಿದ ವಿಮಾನಗಳು ಉಳಿದಿಲ್ಲ, ಉಳಿದಿರುವುದು ಭಾರತದಿಂದ ಬಂದದ್ದು. ಅದಕ್ಕೇ ತಮ್ಮವರ ಅಂಗಿ ತೊಡಿಸಿದರು. ಆ ದುಃಖ ನಿಜವಾದದ್ದು. ಆದರೆ ಒಬ್ಬರ ನೆನಪನ್ನು ಉಳಿಸಲು ಇನ್ನೊಬ್ಬರ ನೆನಪಿನ ಮೇಲೆ ಬಣ್ಣ ಬಳಿಯಬೇಕಾಗಿ ಬಂದಾಗ, ಬಳಿದದ್ದನ್ನು ಅಲ್ಲಿಯೇ, ನೋಡುವವರ ಕಣ್ಣಿಗೆ ಬೀಳುವಂತೆ ಹೇಳಬೇಡವೇ? ದಾಖಲೆಯ ಕಡತ ಓದುವವರು ನೂರಕ್ಕೆ ಒಬ್ಬರು. ವಿಮಾನದ ಮೈ ಓದುವವರು ನೂರಕ್ಕೆ ನೂರು.

ಈ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ತಿಳಿದುಕೊಂಡರೆ ಪ್ರಶ್ನೆಯ ಆಳ ಗೊತ್ತಾಗುತ್ತದೆ. ವಿಮಾನದ ಮೈ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅದು ಕಬ್ಬಿಣದಂತೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಆಮೇಲೆ ಪದರ ಪದರವಾಗಿ ಊದಿಕೊಂಡು ಕಳಚುತ್ತದೆ. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟ್ ತಾಗಿದ ಕಡೆ ತೇವ ಸೇರಿದರೆ, ಬ್ಯಾಟರಿಯೊಳಗೆ ಆಗುವಂಥದೇ ಕ್ರಿಯೆ ನಡೆದು ತಗಡು ಸವೆಯುತ್ತದೆ. ಹಕ್ಕಿಗಳು ಎಂಜಿನ್ನಿನೊಳಗೆ ಗೂಡು ಕಟ್ಟುತ್ತವೆ, ಅವುಗಳ ಹಿಕ್ಕೆ ಬಣ್ಣವನ್ನೂ ಲೋಹವನ್ನೂ ತಿನ್ನುತ್ತದೆ. ರಬ್ಬರಿನ ಕೊಳವೆ, ಸೀಲುಗಳು ಗಟ್ಟಿಯಾಗಿ ಬಿರಿಯುತ್ತವೆ. ಪೈಲಟ್ಟಿನ ಮುಂದಿನ ಪಾರದರ್ಶಕ ಹಾಳೆ ಬಿಸಿಲಿಗೆ ಹಳದಿಯಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗದಿರಲಿ ಎಂದು ವಿಮಾನವನ್ನು ಜಾಕಿಯ ಮೇಲೆ ನಿಲ್ಲಿಸಬೇಕಾಗುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಮೀಟರುಗಳ ಮುಳ್ಳಿಗೆ ಹಚ್ಚಿದ ರೇಡಿಯಂ ಬಣ್ಣ ಇಂದಿಗೂ ವಿಕಿರಣ ಸೂಸುತ್ತದೆ. ಅದನ್ನು ಬರಿಗೈಯಲ್ಲಿ ಬಿಚ್ಚುವಂತಿಲ್ಲ. ಅಂದರೆ ವಿಮಾನವನ್ನು ಸುಮ್ಮನೆ ‘ಇಡುವುದು’ ಎಂಬುದೇ ಇಲ್ಲ. ಇಟ್ಟ ದಿನದಿಂದ ಅದು ಕರಗುತ್ತಿರುತ್ತದೆ, ಕಾಯುವವರು ಕಾಯುತ್ತಿರಬೇಕು.

ಜೀರ್ಣೋದ್ಧಾರ ಮಾಡುವವರು ಹಳೆಯ ಬಣ್ಣವನ್ನು ಉಜ್ಜುವಾಗ ಕೆಳಗಿನ ಪದರಗಳು ಒಂದೊಂದಾಗಿ ಹೊರಬರುತ್ತವೆ. ಮರದ ಕಾಂಡದ ಉಂಗುರಗಳ ಹಾಗೆ ಅವು ವಿಮಾನದ ಆಯುಸ್ಸನ್ನು ಹೇಳುತ್ತವೆ. ಎಲ್ಲಿ ಗುಂಡು ತಾಗಿ ತೇಪೆ ಬಿತ್ತು, ಎಲ್ಲಿ ರಿವೆಟ್ ಬದಲಾಯಿತು, ಯಾವ ದಳದ ಸಂಖ್ಯೆಯ ಮೇಲೆ ಯಾವ ಸಂಖ್ಯೆ ಬಂತು ಎಂಬುದೆಲ್ಲ ಅಲ್ಲಿರುತ್ತದೆ. ಎಲ್ಲಿ ನಿಲ್ಲಿಸಬೇಕು, ಯಾವ ವರ್ಷಕ್ಕೆ ಈ ವಿಮಾನವನ್ನು ವಾಪಸು ಒಯ್ಯಬೇಕು ಎಂಬುದನ್ನು ಆಗ ತೀರ್ಮಾನಿಸಬೇಕಾಗುತ್ತದೆ. ಒಂದು ವರ್ಷವನ್ನು ಆರಿಸಿಕೊಂಡ ಕೂಡಲೇ ಉಳಿದ ವರ್ಷಗಳು ಮರಳುಕಾಗದದ ಧೂಳಾಗಿ ನೆಲಕ್ಕೆ ಬೀಳುತ್ತವೆ. ಮತ್ತೆ ಅವನ್ನು ಯಾರೂ ತರಲಾರರು.

ಹೀಗೆ ಮಾಡದೆಯೂ ಇರಬಹುದು ಎಂದು ತೋರಿಸಿದ ಉದಾಹರಣೆಗಳಿವೆ. ಬ್ರಿಟನ್ನಿನ ಅದೇ ಮ್ಯೂಸಿಯಂ ಸಂಗ್ರಹಿಸಿರುವ ಹ್ಯಾಲಿಫ್ಯಾಕ್ಸ್ ಬಾಂಬರೊಂದು 1942ರ ಏಪ್ರಿಲಿನಲ್ಲಿ ನಾರ್ವೆಯಲ್ಲಿ ಪೆಟ್ಟುತಿಂದು, ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು, ಆಮೇಲೆ ಮುಳುಗಿತ್ತು. 1973ರಲ್ಲಿ ಅದನ್ನು ಮೇಲೆತ್ತಿ ತಂದರು. ಮುಖಭಾಗದ ಸ್ವಲ್ಪ ಕೆಲಸ ಬಿಟ್ಟರೆ ಅದನ್ನು ಹೊಸದಾಗಿಸಲಿಲ್ಲ. ಮುರಿದ, ಸವೆದ, ನೀರು ತಿಂದ ಮೈಯಲ್ಲೇ ಅದನ್ನು ಜನರ ಮುಂದಿಟ್ಟರು. 2013ರಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್ವಿನ್ ಮರಳುದಿಬ್ಬದ ಬಳಿ ಸಮುದ್ರದ ತಳದಿಂದ ಮೇಲೆತ್ತಿದ ಜರ್ಮನಿಯ ಡಾರ್ನಿಯರ್ 17 ವಿಮಾನಕ್ಕೂ ಇದೇ ನೀತಿ. ಉಪ್ಪು ಬಿಡಿಸಲು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ದಿನಗಟ್ಟಲೆ ಸಿಂಪಡಿಸಿದರೇ ಹೊರತು ಹೊಸ ರೆಕ್ಕೆ ಕಟ್ಟಿ ಬಣ್ಣ ಬಳಿಯಲು ಹೋಗಲಿಲ್ಲ. ಇಂಥ ವಿಮಾನದ ಮುಂದೆ ನಿಂತ ಮಗು ‘ಎಷ್ಟು ಜೋರಾಗಿ ಹಾರುತ್ತಿತ್ತು’ ಎಂದು ಕೇಳುವ ಮೊದಲು ‘ಇದಕ್ಕೆ ಏನಾಯ್ತು’ ಎಂದು ಕೇಳುತ್ತದೆ. ಯುದ್ಧದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ ಅಲ್ಲವೇ?

ಇನ್ನು ಹಾರಿಸುವ ವಿಚಾರ. ಎಂಜಿನ್ನಿನ ಸದ್ದು, ಎಣ್ಣೆಯ ವಾಸನೆ ಇಲ್ಲದ ವಿಮಾನ ಬರೀ ತಗಡು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹಾರುವ ಸ್ಥಿತಿಯಲ್ಲಿ ಇಟ್ಟುಕೊಂಡಾಗ ಮಾತ್ರ ಆ ಎಂಜಿನ್ನಿನ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಆದರೆ ಇದರ ಬೆಲೆಯೂ ದೊಡ್ಡದು. 2019ರ ಅಕ್ಟೋಬರ್ 2ರಂದು ಕಾಲಿಂಗ್ಸ್ ಫೌಂಡೇಶನ್ನಿನ ಬಿ-17 ವಿಮಾನ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಿದ್ದು 7 ಜನ ಸತ್ತರು. ಹಣ ಕೊಟ್ಟು ಹಳೆಯ ವಿಮಾನದಲ್ಲಿ ಕೂರುವ ಆಸೆಯಿಂದ ಹತ್ತಿದ ಪ್ರಯಾಣಿಕರು ಅವರಲ್ಲಿದ್ದರು. ತನಿಖೆಯಲ್ಲಿ ನಿರ್ವಹಣೆಯ ಲೋಪಗಳು ಹೊರಬಂದು ಪ್ರಯಾಣಿಕರನ್ನು ಒಯ್ಯುವ ಅನುಮತಿ ರದ್ದಾಯಿತು. 2022ರ ನವೆಂಬರಿನಲ್ಲಿ ಡಲ್ಲಾಸ್‌ನ ಪ್ರದರ್ಶನವೊಂದರಲ್ಲಿ ಎರಡು ಹಳೆಯ ಯುದ್ಧವಿಮಾನಗಳು ಡಿಕ್ಕಿ ಹೊಡೆದು 6 ಜನ ತೀರಿಕೊಂಡರು. ನೆನಪನ್ನು ಕಾಪಾಡುವ ಕೆಲಸದಲ್ಲಿ ಹೊಸ ಸಾವು ಸೇರಿಕೊಂಡರೆ ಆ ನೆನಪಿಗೆ ಅರ್ಥವೇನು? ಹಾರಿಸಲೇಬೇಕೆಂದರೆ ಪ್ರಯಾಣಿಕರಿಲ್ಲದೆ, ಜನರ ತಲೆಯ ಮೇಲಲ್ಲದೆ, ರಿಪೇರಿಯಲ್ಲಿ ಒಂದು ಕೂದಲೆಳೆಯಷ್ಟೂ ರಾಜಿಯಿಲ್ಲದೆ ಹಾರಿಸಬೇಕು. ಅಷ್ಟು ಸಾಧ್ಯವಿಲ್ಲದಿದ್ದರೆ ನಿಲ್ಲಿಸುವುದೇ ಲೇಸು.

ನಮ್ಮ ದೇಶದ ಮಾತಿಗೆ ಬರೋಣ. 2018ರಲ್ಲಿ ಭಾರತೀಯ ವಾಯುಪಡೆಯ ಹಳೆಯ ವಿಮಾನಗಳ ದಳಕ್ಕೆ ಒಂದು ಡಕೋಟ ಸೇರಿತು. ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಗುಜರಿಗೆ ಬಿದ್ದಿದ್ದ ವಿಮಾನವನ್ನು ಕೊಂಡು, ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ಮಗ ತಂದೆಗೆ ಸಲ್ಲಿಸಿದ ಗೌರವ ಎಂದು ನೋಡಿದರೆ ಇದು ಹೃದಯಸ್ಪರ್ಶಿ. ವಿಮಾನಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟು ವಿಪಿ 905 ಎಂಬ ಸಂಖ್ಯೆ ಬರೆದರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟದ ಸಂಖ್ಯೆ ಅದು. ಈ ವಿಮಾನ ಆ ವಿಮಾನವಲ್ಲ. ಅಂದರೆ ಪೀಮಾದಲ್ಲಿ ನಾವು ಆಕ್ಷೇಪಿಸಿದ ಪದ್ಧತಿ ನಮ್ಮಲ್ಲೂ ಇದೆ. ಪರರ ತಪ್ಪನ್ನು ಎಣಿಸುವವರು ತಮ್ಮದನ್ನೂ ಎಣಿಸಬೇಕು. ‘ಇದು ಅದರ ನೆನಪಿಗೆ, ಇದು ಅದೇ ಅಲ್ಲ’ ಎಂಬ ಒಂದು ಸಾಲಿನಿಂದ ಯಾರ ಗೌರವವೂ ಕುಂದುವುದಿಲ್ಲ.

ಪಾಲಂನ ಮ್ಯೂಸಿಯಂನಲ್ಲಿ ವಾಪಿಟಿ ಎಂಬ ಎರಡು ರೆಕ್ಕೆಯ ಬಟ್ಟೆ ಹೊದಿಕೆಯ ವಿಮಾನವಿದೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಭಾರತೀಯ ವಾಯುಪಡೆಯ ಮೊದಲ ದಳ ಆರಂಭವಾದಾಗ ಇದ್ದದ್ದು ಇಂಥ ನಾಲ್ಕೇ ವಿಮಾನ. ಬಿಳಿಯರ ಅವಹೇಳನದ ನಡುವೆ ‘ಭಾರತೀಯರೂ ಹಾರಬಲ್ಲರು, ರಿಪೇರಿ ಮಾಡಬಲ್ಲರು’ ಎಂದು ತೋರಿಸಿದ ವಿಮಾನವಿದು. ಹೆಮ್ಮೆಪಡಬೇಕಾದದ್ದೇ. ಆದರೆ ಅದೇ ವಾಪಿಟಿಗಳು 1937ರಿಂದ ವಜೀರಿಸ್ತಾನದ ಬೆಟ್ಟಗಳ ಮೇಲೆ ಬ್ರಿಟಿಷ್ ಸರಕಾರದ ಪರವಾಗಿ ಹಾರಿದವು. ದಂಗೆಯೆದ್ದ ಬುಡಕಟ್ಟುಗಳ ಹಳ್ಳಿಗಳ ಮೇಲೆ ಮೊದಲು ಎಚ್ಚರಿಕೆಯ ಚೀಟಿ ಎಸೆದು, ಆಮೇಲೆ ಬಾಂಬು ಹಾಕುವುದು ಆ ಕಾಲದ ‘ವಾಯು ಪೊಲೀಸ್’ ನೀತಿಯಾಗಿತ್ತು. ಚೀಟಿ ಓದಲು ಬಾರದ ಕುರಿಗಾಹಿಯ ಗತಿ ಏನಾಯಿತೆಂದು ಯಾವ ಫಲಕವೂ ಹೇಳುವುದಿಲ್ಲ. ಒಂದು ಗುಲಾಮ ದೇಶದ ಯುವಕರು ಇನ್ನೊಂದು ಗುಲಾಮ ಜನರ ಮೇಲೆ ಹಾರಬೇಕಾಗಿ ಬಂದ ಸಂಕಟವೂ ಆ ಬಟ್ಟೆಯ ರೆಕ್ಕೆಯಲ್ಲಿದೆ. ಹೆಮ್ಮೆಯನ್ನು ಮಾತ್ರ ಹೇಳಿ ಸಂಕಟವನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಈ ಅರ್ಧ ಚರಿತ್ರೆಯ ಅತಿ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಹಾಕಿದ ಬಿ-29 ವಿಮಾನಕ್ಕೆ ಅದರ ಪೈಲಟ್ ಪಾಲ್ ಟಿಬೆಟ್ಸ್ ತನ್ನ ತಾಯಿಯ ಹೆಸರಿಟ್ಟಿದ್ದ, ಎನೋಲಾ ಗೇ. 1949ರಲ್ಲಿ ಅದು ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿತು. ವರ್ಷಗಟ್ಟಲೆ ಬಯಲಲ್ಲಿ ನಿಂತಿತು. ಹಕ್ಕಿಗಳು ಗೂಡು ಕಟ್ಟಿದವು, ಕಳ್ಳರು ಬಿಡಿಭಾಗ ಕಿತ್ತರು. 1960ರಲ್ಲಿ ಬಿಚ್ಚಿ ಶೆಡ್ಡಿಗೆ ಒಯ್ದರು. 1984ರಲ್ಲಿ ಜೀರ್ಣೋದ್ಧಾರ ಆರಂಭವಾಯಿತು. ಸುಮಾರು ಎರಡು ದಶಕ, 3 ಲಕ್ಷ ಗಂಟೆಗಳ ದುಡಿಮೆ. ವಿಮಾನ ಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಶ್ರದ್ಧೆಯ ಕೆಲಸ ಸಿಗುವುದು ಕಷ್ಟ.

ಬಾಂಬು ಬಿದ್ದ ಐವತ್ತನೇ ವರ್ಷಕ್ಕೆ, 1995ರಲ್ಲಿ, ವಿಮಾನದ ಒಡಲಿನ ಜೊತೆಗೆ ಹಿರೋಶಿಮಾ, ನಾಗಾಸಾಕಿಯ ಸಂತ್ರಸ್ತರ ವಸ್ತುಗಳನ್ನೂ, ಬಾಂಬು ಬೇಕಿತ್ತೇ ಎಂಬ ಇತಿಹಾಸಕಾರರ ಚರ್ಚೆಯನ್ನೂ ತೋರಿಸುವ ಯೋಜನೆ ಮಾಡಿದರು. ವಾಯುಪಡೆಯ ನಿವೃತ್ತರ ಸಂಘಗಳು ಸಿಡಿದೆದ್ದವು. ಅಮೆರಿಕದ ಸೆನೆಟ್ ಖಂಡನೆಯ ನಿರ್ಣಯ ಮಾಡಿತು. ಜನವರಿಯಲ್ಲಿ ಯೋಜನೆ ರದ್ದಾಯಿತು, ಮೇ ತಿಂಗಳಲ್ಲಿ ಮ್ಯೂಸಿಯಂ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಸಂತ್ರಸ್ತರನ್ನು ಬಿಟ್ಟು ವಿಮಾನವನ್ನು ಮಾತ್ರ ತೋರಿಸಲಾಯಿತು. 2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸಮೀಪದ ಹೊಸ ಕಟ್ಟಡದಲ್ಲಿ ಪೂರ್ಣ ವಿಮಾನ ನಿಂತಿತು, ಕನ್ನಡಿಯಂತೆ ಹೊಳೆಯುತ್ತ. ಫಲಕದಲ್ಲಿ ಅಳತೆ ಇತ್ತು, ತೂಕ ಇತ್ತು, ಹಿರೋಶಿಮಾದ ಹೆಸರೂ ಇತ್ತು. ಸತ್ತವರ ಸಂಖ್ಯೆ ಇರಲಿಲ್ಲ. ವಿದ್ವಾಂಸರು ಮನವಿ ಸಲ್ಲಿಸಿದರೂ ಸೇರಿಸಲಿಲ್ಲ. 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1 ಲಕ್ಷ 40 ಸಾವಿರ ಎಂಬುದು ಆ ನಗರದ ಅಂದಾಜು.

ಅದೇ ಬೆಳಗಿನ ಇನ್ನೊಂದು ವಸ್ತು ಹಿರೋಶಿಮಾದ ಶಾಂತಿ ಮ್ಯೂಸಿಯಂನಲ್ಲಿದೆ. ಮೂರು ವರ್ಷದ ಮಗುವಿನ ಮೂರು ಚಕ್ರದ ಸೈಕಲ್ಲು. ಮಗು ಮನೆಯ ಮುಂದೆ ಅದನ್ನು ತುಳಿಯುತ್ತಿದ್ದಾಗ ಬಾಂಬು ಬಿತ್ತು. ಮಗು ಆ ರಾತ್ರಿ ತೀರಿಕೊಂಡಿತು. ಅಪ್ಪ ಮಗುವಿನ ಜೊತೆಗೆ ಸೈಕಲ್ಲನ್ನೂ ಮನೆಯ ಹಿತ್ತಲಲ್ಲಿ ಹೂತರು. ನಲವತ್ತು ವರ್ಷದ ನಂತರ 1985ರಲ್ಲಿ ಅಗೆದು ತೆಗೆದು ಮ್ಯೂಸಿಯಮ್ಮಿಗೆ ಕೊಟ್ಟರು. ಆ ಸೈಕಲ್ಲಿಗೆ ಯಾರೂ ಹೊಸ ಬಣ್ಣ ಬಳಿದಿಲ್ಲ, ಹೊಸ ಚಕ್ರ ಹಾಕಿಲ್ಲ. ಸುಟ್ಟು, ತುಕ್ಕು ಹಿಡಿದು, ಸೊಟ್ಟಗಾಗಿ ಇದ್ದದ್ದು ಹಾಗೆಯೇ ಇದೆ. ಅಲ್ಲಿಯೂ ಕಾಪಾಡುವ ಕೆಲಸ ನಡೆಯುತ್ತದೆ, ಆ ತುಕ್ಕು ಇನ್ನಷ್ಟು ಹಬ್ಬದಂತೆ ನೋಡಿಕೊಳ್ಳುವ ಕೆಲಸ. ವಿಮಾನವನ್ನು ಮೊದಲಿನಂತೆ ಮಾಡಲು 3 ಲಕ್ಷ ಗಂಟೆ ಸಾಕಾಯಿತು. ಆ ಸೈಕಲ್ಲನ್ನು ಮೊದಲಿನಂತೆ ಮಾಡಿದರೆ ಅದು ಏನನ್ನೂ ಹೇಳುವುದಿಲ್ಲ. ಈ ಎರಡೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆಗ ಬಂದವರು ತಾವೇ ಯೋಚಿಸುತ್ತಿದ್ದರು. ಮ್ಯೂಸಿಯಂ ಉಪದೇಶ ಮಾಡಬೇಕಾದ ಅಗತ್ಯವೂ ಬರುತ್ತಿರಲಿಲ್ಲ.

ಇದಕ್ಕೆ ಬರುವ ಆಕ್ಷೇಪ ಗೊತ್ತೇ ಇದೆ. ‘ಇದು ವಿಮಾನಗಳ ಮ್ಯೂಸಿಯಂ, ಯುದ್ಧದ ನ್ಯಾಯಾಲಯವಲ್ಲ. ಮಕ್ಕಳು ವಿಜ್ಞಾನ ಕಲಿಯಲಿ, ದೇಶಕ್ಕಾಗಿ ದುಡಿದವರನ್ನು ನೆನೆಯಲಿ, ಅಷ್ಟು ಸಾಕು’ ಎನ್ನುತ್ತಾರೆ. ದೇಶಕ್ಕಾಗಿ ದುಡಿದವರನ್ನು ನೆನೆಯುವುದಾದರೆ ಕಾನ್ಪುರದ ಬಿಸಿಲಲ್ಲಿ ಮರಳು ತುಂಬಿದ ಎಂಜಿನ್ ಬಿಚ್ಚಿದವನನ್ನೂ ನೆನೆಯಬೇಕಲ್ಲ? ವಿಜ್ಞಾನ ಕಲಿಸುವುದಾದರೆ ಒಂದು ಯಂತ್ರ ಏನು ಮಾಡಿತು ಎಂಬುದನ್ನು ಹೇಳದೆ ಹೇಗೆ ಮಾಡಿತು ಎಂಬುದನ್ನು ಮಾತ್ರ ಹೇಳುವುದು ಪೂರ್ಣ ವಿಜ್ಞಾನವೇ? ಪ್ರಶ್ನೆ ಕೇಳುವುದರಿಂದ ಸೈನಿಕನಿಗೆ ಅವಮಾನವಾಗುವುದಿಲ್ಲ. ಯುದ್ಧದ ಬೆಲೆ ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮಲ್ಲಿ ಈಗ ಇಂಥ ಪ್ರದರ್ಶನಗಳು ಹೆಚ್ಚುತ್ತಿವೆ. ಬೆಂಗಳೂರಿನಲ್ಲಿ ಎಚ್‌ಎಎಲ್ 2001ರಲ್ಲಿ ತೆರೆದ ಹೆರಿಟೇಜ್ ಸೆಂಟರಿನಲ್ಲಿ ಮಾರುತ್, ಕ್ಯಾನ್ಬೆರಾ, ಮಿಗ್-21, ಕಿರಣ್ ವಿಮಾನಗಳಿವೆ. ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದ ದೈತ್ಯ ಟುಪೊಲೆವ್-142 ವಿಮಾನವೊಂದನ್ನು ಬಿಚ್ಚಿ ತಂದು ಕಾರವಾರದ ಕಡಲತೀರದಲ್ಲಿ ಜೋಡಿಸಿದ್ದಾರೆ. ಅಲ್ಯೂಮಿನಿಯಮ್ಮಿಗೆ ಉಪ್ಪುಗಾಳಿಗಿಂತ ದೊಡ್ಡ ಶತ್ರುವಿಲ್ಲ. ಹಾಗಾಗಿ ತಂದು ನಿಲ್ಲಿಸಿದ ಖರ್ಚಿಗಿಂತ ಪ್ರತಿ ಮಳೆಗಾಲದ ನಂತರ ನೋಡಿಕೊಳ್ಳುವ ಖರ್ಚಿನ ಲೆಕ್ಕ ಮುಖ್ಯ. ದೇಶದ ಅನೇಕ ಊರುಗಳ ಸರ್ಕಲ್‌ಗಳಲ್ಲಿ ಕಂಬದ ಮೇಲೆ ಏರಿಸಿದ ವಿಮಾನಗಳು ಉದ್ಘಾಟನೆಯ ಮರುವರ್ಷವೇ ಬಣ್ಣ ಕಳಚಿಕೊಂಡು ಪಾರಿವಾಳಗಳ ಮನೆಯಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಮಾಲೆ ಹಾಕಲು ಮಂತ್ರಿಗಳು ಬರುತ್ತಾರೆ, ನೀರು ಇಳಿದುಹೋಗುವ ತೂತಿನ ಕಸ ತೆಗೆಯಲು ಯಾರೂ ಬರುವುದಿಲ್ಲ. ಕಾಪಾಡಲಾಗದ ವಿಮಾನವನ್ನು ನಿಲ್ಲಿಸದಿರುವುದೂ ಒಂದು ಗೌರವ.

ಆದರೆ ತಗಡಿಗಿಂತ ಬೇಗ ಕರಗುತ್ತಿರುವ ಇನ್ನೊಂದು ಸಂಗ್ರಹ ನಮ್ಮ ಬೆಂಗಳೂರಿನಲ್ಲೇ ಇದೆ. 1948ರಲ್ಲಿ ಕಾನ್ಪುರಕ್ಕೆ ಹೋದ ಇಪ್ಪತ್ತರ ಹುಡುಗ ಇಂದು ಬದುಕಿದ್ದರೆ ನೂರರ ಸಮೀಪ ಇರುತ್ತಾನೆ. ಆ ಬಾಗಿಲು ಬಹುಶಃ ಮುಚ್ಚಿತು. ಆದರೆ ಲಿಬರೇಟರುಗಳು 1968ರವರೆಗೂ ಹಾರಿದವು. ಅವುಗಳ ಕೊನೆಯ ವರ್ಷಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತರ ಆಸುಪಾಸು. ವಿಮಾನಪುರದಲ್ಲಿ, ಹಲಸೂರಿನಲ್ಲಿ, ಮುರುಗೇಶಪಾಳ್ಯದಲ್ಲಿ ಮನೆಯ ಜಗಲಿಯ ಮೇಲೆ ಕೂತ ಎಷ್ಟು ಮಂದಿ ಹಳೆಯ ಫಿಟ್ಟರುಗಳ ತಲೆಯಲ್ಲಿ ಆ ವಿದ್ಯೆ, ಆ ಹೆಸರುಗಳು, ತಮಗೆ ಕೆಲಸ ಕಲಿಸಿದ ಮೇಸ್ತ್ರಿಗಳ ನೆನಪು ಉಳಿದಿರಬಹುದು! ಅದಕ್ಕೆ ಬೇಕಾದದ್ದು ಕೋಟಿ ರೂಪಾಯಿ ಅಲ್ಲ. ಒಂದು ಧ್ವನಿಮುದ್ರಕ, ಒಂದು ನೋಟ್‌ಬುಕ್, ಕೇಳುವ ವ್ಯವಧಾನ. ಕಾಲೇಜಿನ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಮಾಡಬಹುದಾದ ಕೆಲಸ.

ಹಾಗೆ ಬರೆದುಕೊಂಡ ಹೆಸರುಗಳ ಒಂದು ಪಟ್ಟಿಯನ್ನು ಬೆಂಗಳೂರಿನ ಮ್ಯೂಸಿಯಂ ಗೋಡೆಯ ಮೇಲೆ ಹಾಕಲಿ. ಒಂದು ಪ್ರತಿಯನ್ನು ಲಂಡನ್ನಿಗೆ, ಒಂದನ್ನು ಅರಿಜೋನಾಕ್ಕೆ, ಒಂದನ್ನು ಕೆನಡಾಕ್ಕೆ ಕಳಿಸಲಿ. ಅಲ್ಲಿನವರು ಒಳ್ಳೆಯ ಮನಸ್ಸಿನ ಕೆಲಸಗಾರರು, ತಮ್ಮಂಥ ಕೆಲಸಗಾರರ ಹೆಸರನ್ನು ಅವರು ಬದಿಗೆ ಸರಿಸಲಾರರು. ವಿಮಾನದ ಬಣ್ಣ ಬದಲಿಸಬೇಕೆಂದು ನಾವು ಕೇಳುವುದು ಬೇಡ. ಫಲಕದಲ್ಲಿ ಎರಡು ಸಾಲಿಗೆ ಜಾಗ ಕೇಳೋಣ. ಮುಂದಿನ ಸಲ ಅಲ್ಲಿಗೆ ಹೋದ ಮಗು, ಇದನ್ನು ರಿಪೇರಿ ಮಾಡಿದವರು ಯಾರು ಎಂದು ಅಪ್ಪನನ್ನು ಕೇಳಿದರೆ, ಅಪ್ಪ ಓದಿ ಹೇಳಲು ಅಲ್ಲಿ ಏನಾದರೂ ಬರೆದಿರಬೇಕು.